ಸ್ವೀಡಿಶ್ ಕಲಿತಿದ್ದೀರಾ? ಡೆನ್ಮಾರ್ಕ್‌ನಲ್ಲೂ ಅದನ್ನೇ ಮಾತಾಡಿ
ಸ್ವೀಡನ್‌ನ ಮಾಲ್ಮೋದಲ್ಲಿದ್ದು ಸೇತುವೆ ದಾಟಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ಗೆ ಕೆಲಸಕ್ಕೆ ಹೋಗುವ ಕನ್ನಡದ ಗೆಳೆಯರಿಗೆ ಒಂದು ಮಾತು. ಡ್ಯಾನಿಶ್ ಬರಲ್ಲ ಅಂತ ತಕ್ಷಣ ಇಂಗ್ಲಿಷ್‌ಗೆ ಹಾರಬೇಡಿ. ನೀವು ಸ್ವೀಡಿಶ್‌ನಲ್ಲೇ ಮಾತಾಡಿ, ಅವರು ಡ್ಯಾನಿಶ್‌ನಲ್ಲಿ ಉತ್ತರಿಸಲಿ. ಎರಡೂ ಹತ್ತಿರದ ಭಾಷೆಗಳು, ಇಲ್ಲಿ ಇದು ಹಳೆಯ ರೂಢಿ.

ಮೊದಲು ಓದಲು ಶುರು ಮಾಡಿ. ಬರಹದಲ್ಲಿ ಡ್ಯಾನಿಶ್ ಬೇಗ ಅರ್ಥವಾಗುತ್ತದೆ, ಕಿವಿಗೆ ಮಾತ್ರ ಕಷ್ಟ. ಅವರು ಅಕ್ಷರಗಳನ್ನು ಜಾಸ್ತಿ ನುಂಗುತ್ತಾರೆ. ಸಬ್‌ಟೈಟಲ್ ಹಾಕಿಕೊಂಡು ಡ್ಯಾನಿಶ್ ಟಿವಿ ನೋಡಿದರೆ ಕಿವಿ ಪಳಗುತ್ತದೆ.

ನಿಜವಾದ ತೊಡಕು ಅಂಕಿಗಳದ್ದು. ಡ್ಯಾನಿಶ್‌ನಲ್ಲಿ 50ರಿಂದ 99ರವರೆಗಿನ ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ ನಡೆಯುತ್ತದೆ. 'ಟ್ರೆಸ್' ಅಂದರೆ ಮೂರು ಇಪ್ಪತ್ತು, 60. 'ಹಲ್‌ಟ್ರೆಸ್' ಅಂದರೆ ಎರಡೂವರೆ ಇಪ್ಪತ್ತು, 50. ಎರಡೂ ಒಂದೇ ಥರ ಕೇಳಿಸುತ್ತವೆ ಅಲ್ವಾ? ಹಾಗಾಗಿ ಬೆಲೆ, ಫೋನ್ ನಂಬರ್ ಇದ್ದಾಗ ಬರೆದು ತೋರಿಸಿ ಅಂತ ಕೇಳಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದೇ ಥರದ ಪದಗಳ ಮೇಲೂ ಕಣ್ಣಿಡಿ. ಸ್ವೀಡಿಶ್‌ನ 'ಫ್ರುಕೊಸ್ಟ್' ಬೆಳಗಿನ ತಿಂಡಿ, ಡ್ಯಾನಿಶ್‌ನ 'ಫ್ರೊಕೊಸ್ಟ್' ಮಧ್ಯಾಹ್ನದ ಊಟ. 'ರೂಲಿಗ್' ಸ್ವೀಡನ್‌ನಲ್ಲಿ ಮಜವಾದದ್ದು, ಡೆನ್ಮಾರ್ಕ್‌ನಲ್ಲಿ ಶಾಂತವಾದದ್ದು. ಹಾಗಾಗಿ 'ಫ್ರೊಕೊಸ್ಟ್' ಹೊತ್ತಿಗೆ ಅಂತ ಮೀಟಿಂಗ್‌ಗೆ ಸಮಯ ಗೊತ್ತುಮಾಡುವಾಗ ಗಂಟೆಯನ್ನೂ ಹೇಳಿಬಿಡಿ.