ಪೆನ್ಸಿಲ್‌ನಲ್ಲಿ ಬರೆದಿಟ್ಟ ಹೆಸರುಗಳು: ರೇಸಿಂಗ್ ಗಾಳಿಸುದ್ದಿಯನ್ನು ನಾನು ಜರಡಿ ಹಿಡಿಯುವ ರೀತಿ

ಅಮೆರಿಕದ ಕಾರ್ ರೇಸ್ ಸರಣಿ ಇಂಡಿಕಾರ್‌ನ ಸೀಸನ್ ಆಗಸ್ಟ್ ಕೊನೆಗೋ ಸೆಪ್ಟೆಂಬರ್‌ಗೋ ಮುಗಿಯುತ್ತದೆ. ಮತ್ತೆ ರೇಸ್ ಅಂತ ನೋಡಬೇಕಾದರೆ ಮಾರ್ಚ್ ಬರಬೇಕು. ಆ ಆರು ತಿಂಗಳು ಯಾರು ಯಾವ ತಂಡಕ್ಕೆ ಹೋಗುತ್ತಾರೆ ಅನ್ನೋದೇ ಮಾತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಸುದ್ದಿ ಬರುತ್ತದೆ, ಜಾಸ್ತಿ ಸುಳ್ಳು. ಇದನ್ನೆಲ್ಲ ಹೇಗೆ ಸೋಸುತ್ತೀಯ ಅಂತ ಗೆಳೆಯರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಉದ್ದನೆಯ ಪುಸ್ತಕ ಇದೆ, ಅಂಗಡಿಯಲ್ಲಿ ಉದ್ರಿ ಬರೆಯೋಕೆ ಇಟ್ಟುಕೊಂಡಿರುತ್ತಾರಲ್ಲ, ಅಂಥದ್ದು. ಒಂದು ಕಾರಿಗೆ ಒಂದು ಪುಟ. ಮೊದಲು ಡ್ರೈವರ್ ಹೆಸರಲ್ಲಿ ಪುಟ ಮಾಡುತ್ತಿದ್ದೆ. ಒಬ್ಬನೇ ಡ್ರೈವರ್ ನಾಲ್ಕು ತಂಡಕ್ಕೆ ಹೋಗುತ್ತಾನೆ ಅಂತ ನಾಲ್ಕು ಸುದ್ದಿ ಒಂದೇ ಪುಟದಲ್ಲಿ ಕೂತಿರುತ್ತಿದ್ದವು, ನಾಲ್ಕೂ ನಿಜವೇ ಅನ್ನಿಸುತ್ತಿತ್ತು. ಕಾರಿನ ಲೆಕ್ಕ ಇಟ್ಟರೆ ಹಾಗಾಗುವುದಿಲ್ಲ. ಸೀಟು ಖಾಲಿ ಆದರೆ ತಾನೇ ಇನ್ನೊಬ್ಬರು ಬರೋದು? ಗಾಳಿಸುದ್ದಿ ಪೆನ್ಸಿಲ್‌ನಲ್ಲಿ, ಖಚಿತ ಆದದ್ದು ನೀಲಿ ಪೆನ್ನಿನಲ್ಲಿ. ಪಕ್ಕದಲ್ಲಿ ತಾರೀಖು, ಯಾರು ಹೇಳಿದ್ದು ಅನ್ನೋದು. ಸುಳ್ಳಾದದ್ದನ್ನು ಅಳಿಸುವುದಿಲ್ಲ, ಸುಮ್ನೆ ಒಂದು ಗೆರೆ ಎಳೆಯುತ್ತೇನೆ. ಯಾರ ಸುದ್ದಿಗೆ ಎಷ್ಟು ಗೆರೆ ಬಿದ್ದಿದೆ ಅಂತ ಎರಡು ವರ್ಷ ನೋಡಿದರೆ ಯಾರನ್ನು ನಂಬಬೇಕು ಅನ್ನೋದು ತಾನಾಗಿ ಗೊತ್ತಾಗುತ್ತದೆ.

ಪೆನ್ನು ಯಾವಾಗ ಎತ್ತಬೇಕು ಅನ್ನೋದನ್ನು ಕಲಿತದ್ದು 2022ರ ಜುಲೈ 13ರ ಬೆಳಗ್ಗೆ. ಎದ್ದು ಫೋನ್ ನೋಡಿದರೆ, ಇಂಡಿಕಾರ್ ಡ್ರೈವರ್ ಅಲೆಕ್ಸ್ ಪಲೌ 2023ಕ್ಕೂ ನಮ್ಮಲ್ಲೇ ಇರುತ್ತಾನೆ ಅಂತ ಚಿಪ್ ಗನಾಸಿ ತಂಡದ ಪ್ರಕಟಣೆ. ಅದರಲ್ಲಿ ಪಲೌ ಹೇಳಿದ್ದು ಅಂತ ಒಂದು ಮಾತೂ ಇತ್ತು. ತಂಡವೇ ಹೇಳಿದ ಮೇಲೆ ಇನ್ನೇನು ಅಂತ ಪೆನ್ನಿನಲ್ಲಿ ಬರೆದೆ. ಕಾಫಿ ಕುಡಿಯುತ್ತ ಇನ್ನಷ್ಟು ಕೆಳಗೆ ಸರಿಸಿದರೆ ಪಲೌನದೇ ಟ್ವೀಟ್. ಆ ಪ್ರಕಟಣೆಗೆ ನಾನು ಒಪ್ಪಿಗೆ ಕೊಟ್ಟಿಲ್ಲ, ಅದರಲ್ಲಿರೋ ಮಾತು ನನ್ನದಲ್ಲ, ಮುಂದಿನ ವರ್ಷ ಇಲ್ಲಿ ಇರುವುದಿಲ್ಲ ಅಂತ ತಂಡಕ್ಕೆ ಮೊದಲೇ ಹೇಳಿದ್ದೆ ಅಂತ. ಅದರ ಬೆನ್ನಿಗೇ ಮೆಕ್‌ಲಾರೆನ್, ಪಲೌ ನಮ್ಮವನು ಅಂದಿತ್ತು. ನನ್ನ ಪುಟದಲ್ಲಿ ಪೆನ್ನಿನ ಶಾಯಿ ಇನ್ನೂ ಒಣಗಿರಲಿಲ್ಲ.

ಮೂರು ವಾರ ಕಳೆಯೋದರಲ್ಲಿ ಫಾರ್ಮುಲಾ ಒನ್‌ನಲ್ಲೂ ಅದೇ ಕಥೆ. ಆಗಸ್ಟ್ 2ರಂದು ಆಲ್ಪೀನ್ ತಂಡ ಆಸ್ಕರ್ ಪಿಯಾಸ್ಟ್ರಿ ಹೆಸರು ಪ್ರಕಟಿಸಿತು. ನಾನು ಸಹಿ ಹಾಕಿಲ್ಲ, ಮುಂದಿನ ವರ್ಷ ಅಲ್ಲಿ ಓಡಿಸುವುದಿಲ್ಲ ಅಂತ ಅವನು ಹೇಳಿದ. ಸೆಪ್ಟೆಂಬರ್ 2ರಂದು ಒಪ್ಪಂದಗಳನ್ನು ಪರಿಶೀಲಿಸುವ ಮಂಡಳಿ, ಅವನು ಮೆಕ್‌ಲಾರೆನ್‌ನವನೇ ಅಂತ ಆ ತಂಡದ ಪರ ತೀರ್ಪು ಕೊಟ್ಟಿತು. ಈ ಸಲ ನಾನು ಪೆನ್ನು ಮುಟ್ಟಿರಲಿಲ್ಲ. ಸೇರಿಸಿಕೊಳ್ಳುವ ತಂಡ, ಬಿಡುತ್ತಿರುವ ತಂಡ, ಡ್ರೈವರ್, ಮೂವರ ಮಾತೂ ಒಂದೇ ಆದಾಗ ಮಾತ್ರ ಪೆನ್ನು. ಆವತ್ತಿನಿಂದ ಇವತ್ತಿನವರೆಗೂ ಹಾಗೇ ನಡೆಸಿಕೊಂಡು ಬಂದಿದ್ದೇನೆ.

ಒಪ್ಪಂದ ಎಷ್ಟು ವರ್ಷದ್ದು ಅನ್ನೋದನ್ನೂ ಈಗ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. 2023ರ ಆಗಸ್ಟ್‌ನಲ್ಲಿ ಹ್ಯಾಮಿಲ್ಟನ್ 2025ರವರೆಗೆ ಮರ್ಸಿಡಿಸ್‌ನಲ್ಲೇ ಅಂತ ಪ್ರಕಟ ಆಗಿತ್ತು. 2024ರ ಫೆಬ್ರವರಿ 1ರಂದು ಫೆರಾರಿಗೆ ಹೋಗುತ್ತಾನೆ ಅಂತ ಬಂತು! ನಡುವೆ ಬಿಟ್ಟು ಹೋಗಲು ಒಪ್ಪಂದದಲ್ಲೇ ದಾರಿ ಇತ್ತು. ಪಾಪ, ಇದರಿಂದ ಫೆರಾರಿಯಲ್ಲಿ ಸೀಟು ಕಳೆದುಕೊಂಡ ಡ್ರೈವರ್ ಕಾರ್ಲೋಸ್ ಸೈನ್ಸ್‌ಗೆ ವಿಲಿಯಮ್ಸ್ ತಂಡ ಖಚಿತ ಆಗೋಕೆ ಜುಲೈ ಕೊನೆ ಆಯಿತು.

ನನಗೆ ತುಂಬ ಹತ್ತಿರವಾದ ಪುಟ ಅಂದರೆ ಮೆಕ್‌ಲಾರೆನ್‌ನ ಇಂಡಿಕಾರ್ ತಂಡದ 6ನೇ ನಂಬರ್ ಕಾರಿನದು. 2023ಕ್ಕೆ ಗನಾಸಿಯಲ್ಲೇ ಉಳಿದಿದ್ದ ಪಲೌ 2024ಕ್ಕೆ ಇಲ್ಲಿಗೆ ಬರಬೇಕಿತ್ತು. 2023ರ ಆಗಸ್ಟ್‌ನಲ್ಲಿ ಮತ್ತೆ ಮನಸ್ಸು ಬದಲಿಸಿ ಮೆಕ್‌ಲಾರೆನ್‌ಗೆ ಬರುವುದಿಲ್ಲ ಅಂದ. ಸೆಪ್ಟೆಂಬರ್‌ನಲ್ಲಿ ಡೇವಿಡ್ ಮಲೂಕಸ್ ಹೆಸರು ಬಂತು, ಪೆನ್ನಿನಲ್ಲಿ ಬರೆದೆ. ಫೆಬ್ರವರಿಯಲ್ಲಿ ಹುಡುಗ ಬೆಟ್ಟದ ದಾರಿಯಲ್ಲಿ ಸೈಕಲ್ ಓಡಿಸುವಾಗ ಬಿದ್ದು ಎಡ ಮಣಿಕಟ್ಟಿನ ಕೀಲು ತಪ್ಪಿಸಿಕೊಂಡ. ಮೊದಲ ರೇಸ್‌ಗೆ ಕ್ಯಾಲಮ್ ಐಲಟ್ ಕೂತ. ಆಮೇಲೆ ಟೆಯೋ ಪುರ್ಶೇರ್, ಎಫ್1ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ 2023ರ ಚಾಂಪಿಯನ್ ಆದರೂ ಎಫ್1 ಸೀಟು ಸಿಗದೇ ಅಮೆರಿಕಕ್ಕೆ ಬಂದವನು. ಏಪ್ರಿಲ್ 29ಕ್ಕೆ ಮಲೂಕಸ್‌ನನ್ನು ಕೈಬಿಟ್ಟರು, ಆ ತಂಡಕ್ಕೆ ಒಂದು ರೇಸ್ ಕೂಡ ಓಡಿಸಿರಲಿಲ್ಲ ಅವನು. ಇಂಡಿಕಾರ್‌ನ ಅತಿ ದೊಡ್ಡ ರೇಸ್ ಇಂಡಿ 500ಕ್ಕೆ ಮತ್ತೆ ಐಲಟ್. ಸೀಸನ್‌ನ ಉಳಿದ ರೇಸ್‌ಗಳಿಗೆ ಪುರ್ಶೇರ್ ಅಂತ ಮೇ ತಿಂಗಳಲ್ಲಿ ತಂಡವೇ ಹೇಳಿತು, ಜೂನ್‌ನಲ್ಲಿ ಅವನನ್ನೂ ತೆಗೆದು ನೋಲನ್ ಸೀಗಲ್‌ನನ್ನು ಕೂರಿಸಿತು. ಒಂದೇ ಪುಟದಲ್ಲಿ ನಾಲ್ಕು ಹೆಸರು, ಮೂರಕ್ಕೆ ಗೆರೆ. ಇಪ್ಪತ್ತೆರಡು ವರ್ಷದ ಹುಡುಗ, ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕೂತು ತನ್ನ ಕಾರನ್ನು ಬೇರೆಯವರು ಓಡಿಸುವುದನ್ನು ನೋಡಬೇಕು. ಆ ಗೆರೆ ಎಳೆಯುವಾಗ ನನಗೆ ನಿಜಕ್ಕೂ ಸಂಕಟ ಆಯಿತು.

ಇದಕ್ಕೇ ನಾನು ಸುಳ್ಳು ಸುದ್ದಿ ಫಾರ್ವರ್ಡ್ ಮಾಡಬೇಡಿ ಅಂತ ಗುಂಪಿನಲ್ಲಿ ಜಗಳ ಆಡೋದು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2ರ ಸ್ಪ್ರಿಂಟ್ ಅನ್ನೋ ಚಿಕ್ಕ ರೇಸ್ ಗೆದ್ದಾಗ ನನಗೂ ಕಣ್ಣು ತುಂಬಿ ಬಂದಿತ್ತು. ಆದರೆ ಮುಂದಿನ ವರ್ಷ ಎಫ್1ಗೆ ಅಂತ ಮೆಸೇಜ್ ಹರಡುವ ಮೊದಲು ಒಂದು ಲೆಕ್ಕ ನೋಡಬೇಕು ಅಲ್ವಾ? ಎಫ್1 ಓಡಿಸೋಕೆ ಬೇಕಾದ ಸೂಪರ್ ಲೈಸೆನ್ಸ್‌ಗೆ 40 ಅಂಕ ಬೇಕು. ಫಾರ್ಮುಲಾ 2ರಲ್ಲಿ ವರ್ಷದ ಕೊನೆಗೆ ಮೊದಲ ಮೂರು ಸ್ಥಾನಕ್ಕೆ ತಲಾ 40, ನಾಲ್ಕನೆಯದಕ್ಕೆ 30, ಹಾಗೇ ಇಳಿಯುತ್ತ ಹತ್ತನೆಯದಕ್ಕೆ ಬರೀ 3. ಸುದ್ದಿ ಎಷ್ಟೇ ಚೆನ್ನಾಗಿರಲಿ, ಈ ಲೆಕ್ಕ ಕೂಡದಿದ್ದರೆ ಅದನ್ನು ನಾನು ಪೆನ್ಸಿಲ್‌ನಲ್ಲೂ ಬರೆಯುವುದಿಲ್ಲ.

ಮಲೂಕಸ್ ವಿಷಯಕ್ಕೆ ಬಂದರೆ, ಕೈ ವಾಸಿಯಾದ ಮೇಲೆ ಮೇಯರ್ ಶ್ಯಾಂಕ್ ತಂಡದಲ್ಲಿ ಓಡಿಸಿದ, 2025ಕ್ಕೆ ಫಾಯ್ಟ್ ತಂಡ ಸೇರಿದ, ಆ ವರ್ಷದ ಇಂಡಿ 500ರಲ್ಲಿ ಎರಡನೆಯವನಾದ. ಪೆನ್ಸ್ಕಿ ತಂಡಕ್ಕೆ ಹೋಗುತ್ತಾನೆ ಅಂತ ಪೆನ್ಸಿಲ್‌ನಲ್ಲಿ ತುಂಬ ದಿನದಿಂದ ಬರೆದಿಟ್ಟಿದ್ದೆ, ಆದರೆ ಆ ತಂಡದ 12ನೇ ನಂಬರ್ ಕಾರಿನಲ್ಲಿ ವಿಲ್ ಪವರ್ ಕೂತಿದ್ದ. ಸೆಪ್ಟೆಂಬರ್ ಶುರುವಿನಲ್ಲಿ ಪವರ್ ತಂಡ ಬಿಟ್ಟ, ಆಂಡ್ರೆಟ್ಟಿ ಸೇರಿದ. ಆದರೂ ಕಾದೆ. ಆ ತಿಂಗಳಲ್ಲೇ ಪೆನ್ಸ್ಕಿಯ ಪ್ರಕಟಣೆ ಬಂತು, ಮಲೂಕಸ್ ಮಾತೂ ಬಂತು. 12ನೇ ನಂಬರ್ ಕಾರಿನ ಪುಟ ತೆಗೆದು ಪೆನ್ಸಿಲ್ ಅಕ್ಷರದ ಮೇಲೇ ನೀಲಿ ಪೆನ್ನಿನಲ್ಲಿ ತಿದ್ದಿದೆ.