ಮೂಳೆ ವಾರ್ಡಿನಲ್ಲಿ ಎನಿಮಾ ಕಡಿಮೆ ಮಾಡಿದ್ದು: ನನ್ನ ಅನುಭವ

ತೊಡೆಮೂಳೆ ಮುರಿದು ಟ್ರಾಕ್ಷನ್ (ಕಾಲಿಗೆ ತೂಕ ಕಟ್ಟಿ ಎಳೆದಿಡುವುದು) ಹಾಕಿಸಿಕೊಂಡು ಮಲಗಿದವರಿಗೆ ನಾಲ್ಕನೇ ದಿನಕ್ಕೆ ಹೊಟ್ಟೆ ಕಲ್ಲಾಗುತ್ತದೆ, ಐದನೇ ದಿನ ಎನಿಮಾ, ಅಂದರೆ ಗುದದ್ವಾರದಿಂದ ದ್ರವ ಬಿಟ್ಟು ಹೊಟ್ಟೆ ಖಾಲಿ ಮಾಡಿಸುವುದು. ನಮ್ಮ ಮಹಿಳಾ ಮೂಳೆ ವಾರ್ಡಿನಲ್ಲಿ ವರ್ಷಗಟ್ಟಲೆ ನಡೆದುಬಂದದ್ದು ಇದೇ. ದಿನಕ್ಕೆ ಮೂರ್ನಾಲ್ಕು ಎನಿಮಾ ಮಾಮೂಲಿ. ಈಗ ವಾರಕ್ಕೆ ಒಂದೋ ಎರಡೋ. "ಮಲಗಿದವ್ರಿಗೆ ಎನಿಮಾ ಇಲ್ದೆ ಆಗಲ್ಲಮ್ಮ, ಸುಮ್ನೆ ಕೆಲಸ ಹೆಚ್ಚು ಮಾಡ್ಕೋಬೇಡ" ಎಂದಿದ್ದ ಸೀನಿಯರ್ ಸಿಸ್ಟರೇ ಈಗ ಹೊಸಬರನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಎನಿಮಾ ಕೊಡುವ ಕ್ರಮ ನಿಮಗೆಲ್ಲ ಗೊತ್ತು, ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ಮಾತು. ಫಾಸ್ಫೇಟ್ ಎನಿಮಾ ಪ್ಯಾಕು ಹೊರಗಿನ ಅಂಗಡಿಯಲ್ಲಿ ಆಗ ಎಪ್ಪತ್ತು ಎಂಬತ್ತು ರೂಪಾಯಿ. ಅದರ ಮೇಲೆ ಎನಿಮಾ ಕೊಟ್ಟವರ ಕೈಗೆ ಮನೆಯವರು ನೂರು ರೂಪಾಯಿ ತುರುಕುತ್ತಿದ್ದರು. ಕೂಲಿ ಬಿಟ್ಟು ಬಂದು ಅವ್ವನ ಪಕ್ಕ ನೆಲದ ಮೇಲೆ ಮಲಗುವ ಮಗನಿಗೆ ವಾರಕ್ಕೆ ನಾನೂರು ಐನೂರು ಇದಕ್ಕೇ ಹೋದರೆ ಹೇಗೆ? ಕಿಡ್ನಿ ಸರಿಯಿಲ್ಲದ ಮುದುಕಿಯರಿಗೆ ಫಾಸ್ಫೇಟ್ ಕೊಡುವಂತೆಯೂ ಇಲ್ಲ.

ನಾನು ಮೊದಲು ಹಿಡಿದದ್ದು ನೋವಿನ ಔಷಧಿ ಟ್ರಮಡಾಲನ್ನು. ಅದರಿಂದ ಬರುವ ವಾಕರಿಕೆ, ಮಂಪರಿಗೆ ಮೈ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ, ಅದು ಕಟ್ಟಿಹಾಕಿದ ಕರುಳು ಮಾತ್ರ ಒಗ್ಗಿಕೊಳ್ಳುವುದಿಲ್ಲ. ಮಲ ಮೆತ್ತಗೆ ಮಾಡುವ ಲ್ಯಾಕ್ಟುಲೋಸ್ ಸಿರಪ್ ಕೆಲಸ ಮಾಡಲು ಒಂದೆರಡು ದಿನ ಬೇಕು, ಹಾಗಾಗಿ ಹೊಟ್ಟೆ ಕಟ್ಟಿದ ಮೇಲೆ ಶುರುಮಾಡಿದರೆ ತಡವೇ. ನೋವಿನ ಇಂಜೆಕ್ಷನ್ ಬರೆದ ದಿನವೇ ಸಿರಪ್ಪನ್ನೂ ಬರೆಯಿರಿ ಎಂದು ರೌಂಡ್ಸಿನಲ್ಲಿ ಡಾಕ್ಟರ ಬೆನ್ನು ಹತ್ತಿದೆ. "ತೊಂದ್ರೆ ಆದ್ಮೇಲೆ ನೋಡೋಣ ಸಿಸ್ಟರ್" ಎಂದರು. ಕೇಸ್ ಶೀಟಿಗೆ 'ಕೊನೆಯ ಮೋಷನ್ ಯಾವತ್ತು' ಎಂಬ ಒಂದು ಗೆರೆ ಸೇರಿಸಿ ತಿಂಗಳು ತುಂಬಿಸಿ ತೋರಿಸಿದ ಮೇಲೆ ಒಪ್ಪಿದರು.

ಎರಡನೆಯದು ನೀರು. ನಮ್ಮ ಹೆಂಗಸರು ನೀರನ್ನೇ ಕುಡಿಯುವುದಿಲ್ಲ. ಕುಡಿದರೆ ಬೆಡ್‌ಪ್ಯಾನ್ ಕೇಳಬೇಕು, ಕೇಳಿದರೆ ಆಯಾ ಗೊಣಗುತ್ತಾಳೆ, ಅಕ್ಕಪಕ್ಕದ ಮಂಚದವರ ಗಂಡಸರು ಕೂತಿರುತ್ತಾರೆ. ಒಬ್ಬ ಅಜ್ಜಿ ಕುಡಿದಂತೆ ಮಾಡಿ ಲೋಟದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೆರಗಿಗೆ ಸುರಿದುಕೊಂಡು ಮುಗಿಸುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ. ಅಂಥವರಿಗೆ ನಾರಿನಂಶದ ಪಾಠ ಹೇಳಿ ಏನು ಪ್ರಯೋಜನ? ಬೆಳಗಿನ ಹೊತ್ತು ಒಂದು ಗಂಟೆ ಕಾಲ ಗಂಡಸರನ್ನೆಲ್ಲ ವಾರ್ಡಿನಿಂದ ಹೊರಗೆ ಕಳಿಸುವ ಪದ್ಧತಿ ಮಾಡಿದೆ. ಜಗಳ ಆಯಿತು. ಆದರೆ ನೀರು ಒಳಗೆ ಹೋಗತೊಡಗಿದ್ದು ಆಮೇಲೆಯೇ.

ಆ ಒಂದು ಗಂಟೆ ಬೇಕೆಂದೇ ಆರಿಸಿದ್ದು. ಬಿಸಿ ಕಾಫಿ, ತಿಂಡಿ ಹೊಟ್ಟೆಗೆ ಬಿದ್ದ ಅರ್ಧ ಗಂಟೆಯೊಳಗೆ ದೊಡ್ಡಕರುಳು ತಾನೇ ಅಲುಗುತ್ತದೆ, ಬೆಳಗ್ಗೆ ಅದರ ಜೋರು ಹೆಚ್ಚು. ಆಗ ಕೂರಿಸಬೇಕು. ಎದ್ದು ಕೂರಲು ಡಾಕ್ಟರು ಒಪ್ಪಿದವರನ್ನೆಲ್ಲ ಕಮೋಡ್ ಚೇರಿನಲ್ಲಿ, ಕಾಲಡಿಗೆ ಮುಕ್ಕಾಲು ಅಡಿಯ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಕೂರಿಸುತ್ತೇನೆ. ಸೊಂಟದ ಕೀಲು ಬದಲಿಸಿದವರಿಗೆ ಮಾತ್ರ ಈ ಮಣೆ ಬೇಡವೇ ಬೇಡ. ತೊಂಬತ್ತು ಡಿಗ್ರಿ ಮೀರಿ ಬಗ್ಗಿದರೆ ಕೀಲು ಜಾರಬಹುದು. ಅವರಿಗೆ ಎತ್ತರದ ಸೀಟು, ಪಾದ ಚಪ್ಪಟೆಯಾಗಿ ನೆಲಕ್ಕೆ. ಮೊದಲ ಚೇರನ್ನು ನಾವೇ ನಾಲ್ಕು ಜನ ದುಡ್ಡು ಹಾಕಿ ಎರಡು ಸಾವಿರದ ಆಸುಪಾಸಿಗೆ ತಂದೆವು. ಚಕ್ರದ್ದು ಅಗ್ಗವೆಂದು ತಂದದ್ದು ಎರಡು ತಿಂಗಳಲ್ಲಿ ಮುರಿಯಿತು. ಈಗಿರುವುದು ಕಬ್ಬಿಣದ್ದು, ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದು. ಎರಡೂ ಕಡೆ ಕೈಹಿಡಿ ಗಟ್ಟಿಯಿದೆ.

ಹೊಟ್ಟೆ ನೀವುವುದೂ ಇದೆ. ಬಲಗಡೆ ಕೆಳಗಿನಿಂದ ಮೇಲೆ, ಅಡ್ಡ, ಎಡಗಡೆ ಕೆಳಗೆ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬರೆಯುವುದಿಲ್ಲ. ಅದು ಕೈಯಿಂದ ಕೈಗೆ ಬರಬೇಕಾದ್ದು, ಓದಿ ಒತ್ತಿದರೆ ಅನಾಹುತ. ಬಿಸಿ ಟವೆಲಿನ ಒಂದು ಉಪಾಯವೂ ಉಂಟು, ಅದೂ ನನ್ನ ಹತ್ತಿರವೇ ಇರಲಿ.

ಇಸಬ್‌ಗೋಲ್ ಪ್ರಯೋಗ ಮಾಡಿ ಕೈಬಿಟ್ಟೆವು. ನೀರು ಕುಡಿಯದೆ ಮಲಗಿದವರಿಗೆ ಅದು ಒಳಗೆ ಅಂಟಿನ ಮುದ್ದೆಯಾಗುತ್ತದೆ. ಮನೆಯವರು ಕುಡಿಸಿದ ಹರಳೆಣ್ಣೆಯಿಂದ ಒಬ್ಬರಿಗೆ ರಾತ್ರಿಯಿಡೀ ಹೊಟ್ಟೆ ನುಲಿತ. ನೆನೆಸಿದ ಒಣದ್ರಾಕ್ಷಿ, ಪಪ್ಪಾಯಿ ಚೆನ್ನಾಗಿ ನಡೆದವು. ಸಕ್ಕರೆ ಕಾಯಿಲೆಯವರಿಗೆ ದ್ರಾಕ್ಷಿ ಬಿಟ್ಟು ಸೊಪ್ಪಿನ ಪಲ್ಯ. ಬ್ರೆಡ್ಡು ಹಾಲು ನಿಲ್ಲಿಸಿ ರೊಟ್ಟಿ ತನ್ನಿ ಎಂದರೆ ಸಂಬಂಧಿಕರು ಈಗಲೂ ನಂಬುವುದಿಲ್ಲ.

ಬೇಧಿ ಎಂದು ಬರುವವರ ವಿಷಯದಲ್ಲಿ ಹುಷಾರು. ಬೇರೆ ಕಡೆಯಿಂದ ಬಂದ ಒಬ್ಬರಿಗೆ ದಿನಕ್ಕೆ ಆರೇಳು ಸಲ ನೀರಿನಂತೆ ಸೋರುತ್ತಿತ್ತು, ಬೇಧಿ ನಿಲ್ಲಿಸುವ ಲೋಪರಮೈಡ್ ಮಾತ್ರೆ ಬರೆದುಕೊಟ್ಟಿದ್ದರು. ಗ್ಲೌಸ್ ಹಾಕಿ ಗುದದಲ್ಲಿ ಬೆರಳಿಟ್ಟು ನೋಡಿದರೆ ನಿಂಬೆಹಣ್ಣಿನಷ್ಟು ಗಟ್ಟಿ ಮಲದ ಗಡ್ಡೆ. ಅದರ ಪಕ್ಕದಿಂದ ತೆಳ್ಳಗಿನದಷ್ಟೇ ಜಾರಿ ಬರುತ್ತಿತ್ತು. ಮಾತ್ರೆ ನಿಲ್ಲಿಸಿ, ಡಾಕ್ಟರ ಆರ್ಡರ್ ಪಡೆದು, ಗ್ಲಿಸರಿನ್ ಗುಳಿಗೆಯಿಟ್ಟು, ಮರಗಟ್ಟಿಸುವ ಜೈಲೊಕೇನ್ ಜೆಲ್ಲಿ ಹಚ್ಚಿ ಚೂರುಚೂರಾಗಿ ತೆಗೆದೆ. ಆಗ ಇನ್ನೊಬ್ಬರು ಪಲ್ಸ್ ಹಿಡಿದೇ ಇರಬೇಕು, ಒಮ್ಮೆಲೇ ಇಳಿಯುವುದುಂಟು.

ಇನ್ನು ಎನಿಮಾವನ್ನೇ ಮುಟ್ಟಬಾರದ ಕೇಸು. ಐವತ್ತರ ಹೆಂಗಸು, ಕಾಲಿನ ಮೂಳೆ ಮುರಿತ, ಮೂರು ದಿನದಿಂದ ಹೊಟ್ಟೆ ಸಾಫಾಗಿಲ್ಲ. "ಎನಿಮಾ ಕೊಟ್ಬಿಡ್ರಿ ಸಿಸ್ಟರ್, ದುಡ್ಡು ನಾವು ಕೊಡ್ತೀವಿ" ಎಂದು ಮಗಳ ಹಟ. "ಅವ್ವಾ, ಗಾಳಿ ಹೋಗೈತಾ?" ಕೇಳಿದೆ. ನಿನ್ನೆಯಿಂದ ಇಲ್ಲ. ಹಸಿರು ವಾಂತಿ ಎರಡು ಸಲ. ಹೊಟ್ಟೆಯ ಮೇಲೆ ಗರ್ಭಕೋಶ ತೆಗೆದ ಹಳೆಯ ಗಾಯದ ಗೆರೆ. ಸ್ಟೆತಸ್ಕೋಪ್ ಇಟ್ಟರೆ ಸಣ್ಣ ಗಂಟೆ ಬಡಿದ ಹಾಗೆ ಟಿಣ್ ಟಿಣ್. ಹಳೆಯ ಆಪರೇಷನ್ನಿನ ಅಂಟುಗಳಲ್ಲಿ ಕರುಳು ಸಿಕ್ಕಿರುವ ಅನುಮಾನ ಅಲ್ಲೇ ಬಂತು. ಎನಿಮಾ ಪ್ಯಾಕನ್ನು ಕಪಾಟಿಗೆ ಹಾಕಿ ಬೀಗ ಹಾಕಿದೆ. ಡ್ಯೂಟಿ ಡಾಕ್ಟರಿಗೆ ಫೋನು, ಬಾಯಿಗೆ ಏನೂ ಇಲ್ಲ, ಡ್ರಿಪ್, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್. ಟ್ಯೂಬಿನಲ್ಲಿ ಬೆಳಗಾಗುವಷ್ಟರಲ್ಲಿ ಲೀಟರಿಗೂ ಹೆಚ್ಚು ಬಂತು. ನಿಲ್ಲಿಸಿ ತೆಗೆಯುವಂತಿರಲಿಲ್ಲ, ಕೂರಿಸಿಯೇ ತೆಗೆದ ಎಕ್ಸ್‌ರೇಯಲ್ಲಿ ಗಾಳಿ ನೀರಿನ ಮಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಂಡವು, ಕರುಳು ಕಟ್ಟಿಕೊಂಡ ಗುರುತು.

ಸರ್ಜನ್ ಕಾದು ನೋಡೋಣ ಎಂದರು. ಕಾಯುವ ಕೆಲಸ ನಮ್ಮದೇ ಅಲ್ಲವೇ. ಹೊಟ್ಟೆಯ ಸುತ್ತಳತೆಯನ್ನು ನಾಲ್ಕು ಗಂಟೆಗೊಮ್ಮೆ ಎಲ್ಲರೂ ಅಳೆಯುತ್ತಾರೆ, ಆದರೆ ಶಿಫ್ಟಿಗೊಂದು ಜಾಗದಲ್ಲಿ ಟೇಪು ಹಿಡಿದರೆ ಎರಡು ಮೂರು ಸೆಂಟಿಮೀಟರ್ ವ್ಯತ್ಯಾಸ ಸುಳ್ಳೇ ಬರುತ್ತದೆ. ಹೊಕ್ಕುಳ ಮಟ್ಟಕ್ಕೆ ಎರಡೂ ಪಕ್ಕೆಯ ಮೇಲೆ ಪೆನ್ನಿನಿಂದ ಗೆರೆ ಎಳೆದೆ. ಜ್ವರ, ಓಡುವ ಪಲ್ಸ್, ಬಿಟ್ಟು ಬಿಟ್ಟು ಬರುತ್ತಿದ್ದ ನೋವು ಒಂದೇ ಸಮ ಆಗುವುದು, ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಸರ್ಜನ್ನರಿಗೆ ಹೇಳಬೇಕಿತ್ತು. ಯಾವುದೂ ಬರಲಿಲ್ಲ. ಕಡಿಮೆಯಿದ್ದ ಪೊಟ್ಯಾಸಿಯಂ ಡ್ರಿಪ್ಪಿನಲ್ಲಿ ಸರಿಯಾಯಿತು. ಮೂರನೇ ದಿನ ಟೇಪು ಇಳಿಯಿತು, ಗಾಳಿ ಹೋಯಿತು. ಹೊಟ್ಟೆ ಕೊಯ್ಯಬೇಕಾಗಲಿಲ್ಲ.

ಟ್ಯೂಬ್ ತೆಗೆದ ಮೇಲೆ ಗುಟುಕು ನೀರು, ಗಂಜಿ ತಿಳಿ, ಮೆತ್ತನೆ ಅನ್ನ, ಹೀಗೆ ಏರಿಸಿದೆವು. ಮಗಳಿಗೆ ಡಿಸ್ಚಾರ್ಜ್ ಚೀಟಿಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ಗಾಳಿ ನಿಂತು ವಾಂತಿ ಬಂದರೆ ಮನೆಯಲ್ಲಿ ಯಾವ ಔಷಧಿಯನ್ನೂ ಕುಡಿಸದೆ ಸೀದಾ ಆಸ್ಪತ್ರೆಗೆ ಕರೆತನ್ನಿ.