53ಕ್ಕೆ ಕೆಲಸ ಹೋಯಿತು, ಪೆನ್ಷನ್ ಮಾತ್ರ ಈಗಲೇ ತಗೊಳ್ಳಲಿಲ್ಲ

ಬೆಳಗಾವಿ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ 1998ರಿಂದ ಇದ್ದೆ. 2024ರಲ್ಲಿ ನಮ್ಮ ಮೋಲ್ಡಿಂಗ್ ವಿಭಾಗವನ್ನೇ ಮುಚ್ಚಿದರು. ಆಗ ನನಗೆ 53. ಜೊತೆಗಿದ್ದವರೆಲ್ಲ ಮೊದಲು ಕೇಳಿದ್ದು ಒಂದೇ, ಐವತ್ತು ದಾಟಿದೆಯಲ್ಲ, ಪಿಎಫ್ ಪೆನ್ಷನ್ ಈಗಲೇ ಶುರು ಮಾಡಿಸಬಹುದಾ ಅಂತ. ಮಾಡಿಸಬಹುದು. ಆದರೆ ಮಾಡಿಸಬೇಕಾ ಅನ್ನೋದು ಬೇರೆ ಲೆಕ್ಕ. ಮುಂದೆ ಪಿಎಫ್ ಕಟ್ಟುವ ಕೆಲಸ ಸಿಗುತ್ತಾ ಇಲ್ವಾ ಅನ್ನೋದರ ಮೇಲೆ ಆ ಲೆಕ್ಕ ಪೂರ್ತಿ ಬದಲಾಗುತ್ತದೆ.

ಪೆನ್ಷನ್‌ಗಿಂತ ಮುಂಚೆ ಗ್ರಾಚ್ಯುಟಿ, ಅಂದರೆ ಸರ್ವಿಸಿಗೆ ಕಂಪನಿ ಕೊಡುವ ಇಡಿಗಂಟು, ನೋಡಿಕೊಳ್ಳಿ, ಯಾಕೆಂದರೆ ಅದು ಮೊದಲು ಕೈಗೆ ಬರೋದು. ನನ್ನ ಬೇಸಿಕ್, ಡಿಎ ಸೇರಿ 22,000. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ಸರ್ವಿಸಿನ ವರ್ಷಗಳಿಂದ ಗುಣಿಸಬೇಕು. ನನ್ನ ಸರ್ವಿಸ್ 26 ವರ್ಷ, ಹಾಗಾಗಿ 3,30,000 ಬರಬೇಕು. ಕೊಟ್ಟ ಹಾಳೆಯಲ್ಲಿ 2,86,000 ಅಂತಿತ್ತು. ತಿಂಗಳಿಗೆ 30 ದಿನ ಹಿಡಿದು ಭಾಗಿಸಿದ್ದರು! ಸಹಿ ಹಾಕದೆ ಲೆಕ್ಕ ಬರೆದು ತೋರಿಸಿದೆ, ತಿದ್ದಿ ಕೊಟ್ಟರು. ಕೆಲಸದಿಂದ ತೆಗೆದದ್ದಕ್ಕೆ ಕೊಡುವ ಪರಿಹಾರ ಇದಕ್ಕಿಂತ ಬೇರೆ, ಎರಡನ್ನೂ ಕೇಳಿ ತಗೊಳ್ಳಿ.

ಇನ್ನೊಂದು ಅವಸರದ ಕೆಲಸ ಅಂದರೆ ದಾಖಲೆ. ನಮ್ಮ ಕಡೆ ಎಷ್ಟೋ ಜನರ ಹುಟ್ಟಿದ ದಿನ ಮಾಸ್ತರರು ಬರೆಸಿದ ಜೂನ್ 1. ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಕ್ಲೇಮ್ ವಾಪಸ್ ಬರುತ್ತದೆ. ಇಂಥದ್ದನ್ನು ತಿದ್ದಿಸೋಕೆ ಸಾಮಾನ್ಯವಾಗಿ ಕಂಪನಿಯ ಒಪ್ಪಿಗೆಯೂ ಬೇಕು. ಆಫೀಸಿನಲ್ಲಿ ಜನ ಇರುವಾಗಲೇ ಮುಗಿಸಿ. ಕೆಲಸ ಬಿಟ್ಟ ತಾರೀಖು ಹಾಕಿದ್ದಾರಾ ಅಂತಲೂ ಯುಎಎನ್ (ಪಿಎಫ್‌ನ ಖಾಯಂ ನಂಬರ್) ಖಾತೆಯಲ್ಲಿ ನೋಡಿ.

ಈಗ ಪೆನ್ಷನ್. ಸಂಬಳ ಗುಣಿಸು ಸರ್ವಿಸ್, ಭಾಗಿಸು 70. ಸಂಬಳ ಎಷ್ಟೇ ಇರಲಿ, 2014ರ ಸೆಪ್ಟೆಂಬರ್‌ಗಿಂತ ಮುಂಚಿನ ವರ್ಷಗಳಿಗೆ ಹೆಚ್ಚೆಂದರೆ 6,500, ಆಮೇಲಿನವಕ್ಕೆ 15,000 ಹಿಡಿಯುತ್ತಾರೆ. ನನಗೆ ಎರಡೂ ಸೇರಿ 3,600ರ ಸುತ್ತಮುತ್ತ. ಅದು 58ಕ್ಕೆ. ಮುಂಚೆ ತಗೊಂಡರೆ ಕಮ್ಮಿ ಇರುವ ಒಂದೊಂದು ವರ್ಷಕ್ಕೂ 4 ಪರ್ಸೆಂಟ್ ಕಡಿತ, ಅಂದರೆ ನನಗೆ 2,900ರ ಆಸುಪಾಸು.

ಇನ್ನು ಕೆಲಸವೇ ಮಾಡೋದಿಲ್ಲ ಅಂದಿದ್ದರೆ ನಾನು ಆಗಲೇ ಪೆನ್ಷನ್ ಅರ್ಜಿ, ಅಂದರೆ ಫಾರ್ಮ್ 10ಡಿ ತುಂಬುತ್ತಿದ್ದೆ. ಕಾಯ್ದರೆ ಸಿಗೋದು ತಿಂಗಳಿಗೆ 700 ಜಾಸ್ತಿ, ಬಿಡೋದು ಐದು ವರ್ಷದ 1,74,000. ಅಷ್ಟು ವಾಪಸ್ ಬರೋ ಹೊತ್ತಿಗೆ ವಯಸ್ಸು 78 ಆಗಿರುತ್ತದೆ. ಯಾರು ಕಾಯುತ್ತಾರೆ ಹೇಳಿ?

ಆದರೆ ಪಿಎಫ್ ಇರುವ ಕೆಲಸ ಸಿಕ್ಕರೆ ಲೆಕ್ಕ ತಿರುಗುತ್ತದೆ. ಇನ್ನೊಂದು ವರ್ಷ ಕಟ್ಟಿದರೆ ಪೆನ್ಷನ್‌ಗೆ 214 ರೂಪಾಯಿ ಸೇರುತ್ತದೆ. 20 ವರ್ಷ ದಾಟಿಸಿ 58ಕ್ಕೆ ನಿವೃತ್ತಿ ಆದವರಿಗೆ ಎರಡು ವರ್ಷ ಬೋನಸ್ ಸರ್ವಿಸ್ ಬೇರೆ ಇದೆ. ಹಾಗೆ 58ಕ್ಕೆ ನನ್ನದು 5,000 ಹತ್ತಿರ ಅಥವಾ ಸ್ವಲ್ಪ ಮೇಲೆ ಹೋಗುತ್ತದೆ, ಕಾಯ್ದ ದುಡ್ಡು 65-66ರ ಹೊತ್ತಿಗೇ ವಾಪಸ್. ಒಮ್ಮೆ ಪೆನ್ಷನ್ ಶುರು ಮಾಡಿಸಿದರೆ ಮತ್ತೆ ಆ ಪೆನ್ಷನ್ ಖಾತೆಗೆ ಕಟ್ಟೋಕೆ ಬರೋದಿಲ್ಲ, ಮುಗೀತು. ಈ ಪೆನ್ಷನ್‌ಗೆ ಡಿಎ ಕೂಡ ಇಲ್ಲ, ಇವತ್ತು ಎಷ್ಟಕ್ಕೆ ಒಪ್ಪುತ್ತೀರೋ ಮುಂದೆಯೂ ಹೆಚ್ಚುಕಡಿಮೆ ಅಷ್ಟೇ.

ಮನೆಯವಳು ಹಾಳೆ ನೋಡಿ ಕೇಳಿದ್ದು, "ನಿಮ್ಮ ಹಿಂದ ನನಗೆಷ್ಟು ಬರತೈತ್ರಿ?" ಅರ್ಧ. 2,900ರಲ್ಲಿ ಅರ್ಧವೋ, 5,000ದಲ್ಲಿ ಅರ್ಧವೋ ಅಂತ ನೋಡಿದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು.

ಕೆಲವು ತಿಂಗಳಾದ ಮೇಲೆ ಮಚ್ಛೆಯ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ಕರೆದರು. ಮಾಲೀಕರು, "ಈ ವಯಸ್ಸಿನ್ಯಾಗ ಪಿಎಫ್ ಯಾಕ್ರಿ, ಅದನ್ನೂ ಕೈಯಾಗ ಕೊಡತೀನಿ" ಅಂದರು. ಪಿಎಫ್ ಇದ್ದರೇ ಬರ್ತೀನ್ರಿ ಅಂದೆ. ಕೈಗೆ ಬರೋದು ಕಮ್ಮಿಯಾಯಿತು, ಆದರೆ ಹಳೇ ಯುಎಎನ್ ಕೊಟ್ಟು ಹಿಂದಿನ ಖಾತೆಯನ್ನು ಇಲ್ಲಿಗೆ ವರ್ಗ ಮಾಡಿಸಿದೆ, ಸರ್ವಿಸ್ ಕೂಡಿಕೊಂಡಿತು. ಹೊಸ ಕೆಲಸ ಸಿಗದವರು ಫಾರ್ಮ್ 10ಸಿ ಹಾಕಿ ಸ್ಕೀಮ್ ಸರ್ಟಿಫಿಕೇಟ್, ಅಂದರೆ ಪೆನ್ಷನ್ ಸರ್ವಿಸಿನ ಲೆಕ್ಕದ ಪತ್ರ, ತಗೊಂಡು ಇಟ್ಟುಕೊಳ್ಳಬಹುದು. ಪಿಎಫ್ ದುಡ್ಡು ತೆಗೆದರೂ ಸರ್ವಿಸ್ ಹಾಳಾಗೋದಿಲ್ಲ.

ಗ್ರಾಚ್ಯುಟಿಯನ್ನು ಟಿಳಕವಾಡಿ ಪೋಸ್ಟ್‌ನಲ್ಲಿ ಮಾಸಿಕ ಆದಾಯ ಯೋಜನೆಗೆ ಹಾಕಿದೆ. 7.4 ಪರ್ಸೆಂಟ್, ತಿಂಗಳಿಗೆ 2,035 ಬರುತ್ತದೆ. ಐದು ವರ್ಷದ ಅವಧಿ, ನನಗೆ 58 ಆಗೋ ಹೊತ್ತಿಗೆ ಅಸಲು ಕೈಗೆ ಬರುತ್ತದೆ.

ನನ್ನ ಜೊತೆಗಾರರೊಬ್ಬರಿಗೆ ಆಗ 56, ಬೆನ್ನು ನೋವು, ಮತ್ತೆ ಕೆಲಸಕ್ಕೆ ಹೋಗೋ ಹಾಗಿರಲಿಲ್ಲ. ಅವರಿಗೆ ನಾನೇ ಕೂತು 10ಡಿ ತುಂಬಿಸಿದೆ. 55 ದಾಟಿ ನಿವೃತ್ತರಾದವರು ದುಡ್ಡು ಕೈಗೆ ಬಂದ ಮೂರು ತಿಂಗಳೊಳಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಬಹುದು, 8.2 ಪರ್ಸೆಂಟ್, ಅದನ್ನೂ ಮಾಡಿಸಿದೆವು. ಈಗ ವರ್ಷಕ್ಕೊಮ್ಮೆ ಅವರ ಮಗ ಮೊಬೈಲಿನಲ್ಲೇ ಅವರ ಮುಖ ತೋರಿಸಿ ಜೀವನ್ ಪ್ರಮಾಣ್ (ಪೆನ್ಷನ್‌ದಾರರು ಬದುಕಿದ್ದಾರೆ ಅನ್ನೋ ಪತ್ರ) ಮಾಡಿಸುತ್ತಾನೆ, ಬ್ಯಾಂಕಿಗೆ ಅಲೆಯೋದು ತಪ್ಪಿದೆ.